ಬಿ ಫಾರಂನ ದಾರಿ: ಲೋಕಸಭೆಯ ಮಹಿಳಾ ಪ್ರಾತಿನಿಧ್ಯ ಮತ್ತು ಪಕ್ಷಗಳ ಟಿಕೆಟ್ ಹಂಚಿಕೆ

ನಾಮಪತ್ರ ಸಲ್ಲಿಕೆಯ ಕಡೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಮೇಜಿಗೆ ಪಕ್ಷದ ಅಧಿಕೃತ ಅಭ್ಯರ್ಥಿ ಯಾರೆಂದು ತಿಳಿಸುವ ಒಂದು ಹಾಳೆ ತಲುಪಬೇಕು. ಪಕ್ಷ ಅಧಿಕಾರ ಕೊಟ್ಟವರ ಸಹಿ ಅದರ ಮೇಲೆ ಶಾಯಿಯಲ್ಲೇ ಇರಬೇಕು. ಮೊಹರಿನ ಸಹಿ ನಡೆಯದು. ಎಲ್ಲರೂ ‘ಬಿ ಫಾರಂ’ ಎನ್ನುವುದು ಇದನ್ನೇ. ಲೋಕಸಭೆಯಲ್ಲಿ ಮಹಿಳೆಯರು ಏಕೆ ಕಡಿಮೆ ಎಂಬುದಕ್ಕೆ ಉತ್ತರವನ್ನು ಮತಯಂತ್ರಕ್ಕಿಂತ ಮೊದಲು ಈ ಹಾಳೆಯಲ್ಲಿ ಹುಡುಕಬೇಕೆಂಬುದು ನನ್ನ ವಾದ.

2019ರಲ್ಲಿ 78 ಮಹಿಳೆಯರು ಗೆದ್ದಿದ್ದರು. 2024ರಲ್ಲಿ 543 ಸ್ಥಾನಗಳಲ್ಲಿ 74. ಆ ಸಲದ 8,360 ಅಭ್ಯರ್ಥಿಗಳಲ್ಲಿ ಮಹಿಳೆಯರು ಸುಮಾರು 800, ನೂರಕ್ಕೆ ಹತ್ತೂ ಇಲ್ಲ. ಆದರೆ ಕಣಕ್ಕಿಳಿದ ಮಹಿಳೆಯರಲ್ಲಿ ಗೆದ್ದವರು ಶೇ. 9ಕ್ಕೂ ಹೆಚ್ಚು, ಪುರುಷರಲ್ಲಿ ಶೇ. 6ರ ಆಸುಪಾಸು. ಠೇವಣಿ ಕಳೆದುಕೊಳ್ಳುವ ಪಕ್ಷೇತರರಲ್ಲಿ ಪುರುಷರೇ ಬಹುಪಾಲು ಇರುವುದರಿಂದ ಈ ಹೋಲಿಕೆಯನ್ನು ಎಚ್ಚರದಿಂದ ಓದಬೇಕು, ನಿಜ. ಹಾಗಿದ್ದರೂ ‘ಗೆಲ್ಲುವ ಕುದುರೆಯಲ್ಲ’ ಎಂದು ಹೆಣ್ಣುಮಕ್ಕಳಿಗೆ ಟಿಕೆಟ್ ತಪ್ಪಿಸುವವರಿಗೆ ಈ ಅಂಕಿಗಳಲ್ಲಿ ಆಸರೆ ಸಿಗುವುದಿಲ್ಲ.

ಅದೇ ಚುನಾವಣೆಯಲ್ಲಿ ತೃಣಮೂಲ ಕಾಂಗ್ರೆಸ್ ಬಂಗಾಳದ 42 ಕ್ಷೇತ್ರಗಳ ಪೈಕಿ 12ರಲ್ಲಿ ಮಹಿಳೆಯರನ್ನು ನಿಲ್ಲಿಸಿತು. ಗೆದ್ದ 29 ಮಂದಿಯಲ್ಲಿ 11 ಮಹಿಳೆಯರು. ಯಾವ ಕಾನೂನೂ ಅದನ್ನು ಒತ್ತಾಯಿಸಿರಲಿಲ್ಲ. ತಮಿಳುನಾಡಿನ ನಾಮ್ ತಮಿಳರ್ ಕಚ್ಚಿ ಅರ್ಧದಷ್ಟು ಟಿಕೆಟ್ ಮಹಿಳೆಯರಿಗೇ ಕೊಟ್ಟರೂ ಪಕ್ಷಕ್ಕೆ ಒಂದು ಸ್ಥಾನವೂ ದಕ್ಕಲಿಲ್ಲ. ಹಾಗಾಗಿ ಎಷ್ಟು ಟಿಕೆಟ್ ಎಂದು ಎಣಿಸಿದರೆ ಸಾಲದು, ಪಕ್ಷ ಗೆಲ್ಲಬಲ್ಲ ಕಡೆ ಎಷ್ಟು ಎಂದು ಕೇಳಬೇಕು.

ದಾವಣಗೆರೆಯ ಉದಾಹರಣೆ ಇನ್ನೂ ಸೂಕ್ಷ್ಮವಾದುದು. 2024ರಲ್ಲಿ ಅಲ್ಲಿ ಎರಡೂ ದೊಡ್ಡ ಪಕ್ಷಗಳ ಅಭ್ಯರ್ಥಿಗಳು ಮಹಿಳೆಯರು. ಕಾಂಗ್ರೆಸ್ಸಿನಿಂದ ಪ್ರಭಾ ಮಲ್ಲಿಕಾರ್ಜುನ್, ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ; ಇಬ್ಬರಿಗೂ ತಲಾ ಆರು ಲಕ್ಷಕ್ಕಿಂತ ಹೆಚ್ಚು ಮತ. ಮತದಾರರು ಹಿಂಜರಿಯಲಿಲ್ಲ. ಆದರೆ ಪ್ರಭಾ ಸಚಿವರೊಬ್ಬರ ಪತ್ನಿ, ಕಾಂಗ್ರೆಸ್ಸಿನ ಹಿರಿಯ ನಾಯಕ ಶಾಮನೂರು ಶಿವಶಂಕರಪ್ಪನವರ ಸೊಸೆ; ಗಾಯತ್ರಿ ಆಗಿನ ಸಂಸದರ ಪತ್ನಿ. ಅವರ ಸಾಮರ್ಥ್ಯವನ್ನು ನಾನು ಅಳೆಯುತ್ತಿಲ್ಲ. ಪಕ್ಷದ ಬಾಗಿಲು ಮಹಿಳೆಗೆ ತೆರೆದಾಗಲೂ ಕೀಲಿ ಮನೆತನದ ಕೈಯಲ್ಲೇ ಇತ್ತು ಎಂಬುದನ್ನು ಗುರುತಿಸುತ್ತಿದ್ದೇನೆ. ಆ ವರ್ಷ ಕರ್ನಾಟಕದ 28 ಕ್ಷೇತ್ರಗಳಿಂದ ಆಯ್ಕೆಯಾದ ಮೂವರು ಮಹಿಳೆಯರಲ್ಲಿ ಸಂಘಟನೆಯ ಹಾದಿ ಹಿಡಿದು ಬಂದವರು ಶೋಭಾ ಕರಂದ್ಲಾಜೆ ಒಬ್ಬರೇ. ಉಳಿದಿಬ್ಬರು ಪ್ರಭಾ ಮತ್ತು ಸಚಿವರೊಬ್ಬರ ಮಗಳು ಪ್ರಿಯಾಂಕಾ ಜಾರಕಿಹೊಳಿ.

ಇದೇ ರಾಜ್ಯ ಪಂಚಾಯಿತಿಗಳ ಕುರಿತ ಸಂವಿಧಾನದ 73ನೇ ತಿದ್ದುಪಡಿಗಿಂತ ಮೊದಲೇ, 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ, ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟಿತ್ತು, ಈಗ ಅರ್ಧ. ಬಜೆಟ್ ಓದಿ, ಗ್ರಾಮಸಭೆ ನಡೆಸಿ, ನೀರಿನ ಜಗಳ ಬಿಡಿಸಿದ ಸಾವಿರಾರು ಮಹಿಳೆಯರು ಹಳ್ಳಿಗಳಲ್ಲಿದ್ದಾರೆ. ಅಲ್ಲಿಂದ ದೆಹಲಿಗೆ ಪಕ್ಷಗಳು ಏಣಿ ಹಾಕಲಿಲ್ಲ. ನನಗೆ ನೋವು ತರುವ ಸಂಗತಿ ಇದು.

2023ರ 106ನೇ ತಿದ್ದುಪಡಿ ಲೋಕಸಭೆಯಲ್ಲಿ ಮೂರನೇ ಒಂದು ಭಾಗದ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟು, ಜಾರಿಯನ್ನು ಜನಗಣತಿಗೂ ಕ್ಷೇತ್ರ ಮರುವಿಂಗಡಣೆಗೂ ಜೋಡಿಸಿತು. 543ರ ಲೆಕ್ಕದಲ್ಲಿ ಅದು 181 ಸ್ಥಾನ. ಆದರೆ ಆ ಸ್ಥಾನಗಳಿಗೂ ಟಿಕೆಟ್ ಹಂಚುವವರು ಪಕ್ಷಗಳೇ. ಪಕ್ಷಗಳನ್ನು ನೋಂದಾಯಿಸುವ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮು ಪ್ರಜಾಪ್ರಭುತ್ವಕ್ಕೆ ನಿಷ್ಠೆ ಕೇಳುತ್ತದೆ, ಅಭ್ಯರ್ಥಿಯನ್ನು ಹೇಗೆ ಆರಿಸಬೇಕೆಂದು ಹೇಳುವುದಿಲ್ಲ. ಆ 181 ಕ್ಷೇತ್ರಗಳ ಬಿ ಫಾರಂಗೂ ಇಂದು ಸಹಿ ಹಾಕುತ್ತಿರುವ ಕೈಗಳೇ ಸಹಿ ಹಾಕುತ್ತವೆ.