ಮಾತಿನಲ್ಲಿ ಮುಪ್ಪಿನ ಸುಳಿವು

ಅರವತ್ತಕ್ಕೆ ಅರಳು ಮರಳು ಎಂದ ನಮ್ಮ ಹಿರಿಯರು ಬ್ರಿಟನ್ನಿನ ಪ್ರಧಾನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಹೇಳಿರಲಾರರು. ಆದರೂ ಹೆರಾಲ್ಡ್ ವಿಲ್ಸನ್ 1976ರ ಮಾರ್ಚ್ 16ರಂದು ತಮ್ಮ ರಾಜೀನಾಮೆಯನ್ನು ಪ್ರಕಟಿಸಿದಾಗ ಅವರಿಗೆ ಅರವತ್ತು ತುಂಬಿ ಐದೇ ದಿನಗಳಾಗಿದ್ದವು. ಗೆದ್ದು ಕುಳಿತವರು ಏಕೆ ಎದ್ದು ಹೋದರೆಂದು ಬಗೆಬಗೆಯ ಊಹೆಗಳು ಹಬ್ಬಿದವು. 1995ರಲ್ಲಿ ತೀರಿಕೊಳ್ಳುವ ಮೊದಲು ಹಲವು ಕಾಲ ಅವರು ಆಲ್ಝೈಮರ್ ಎಂಬ ಮರೆವಿನ ರೋಗದಿಂದ ಬಳಲಿದರು. ಮುಂದೆ ಪೀಟರ್ ಗ್ಯಾರಾರ್ಡ್ ಎಂಬ ನರರೋಗ ತಜ್ಞರು ಪಾರ್ಲಿಮೆಂಟಿನ ಹಳೆಯ ವರದಿಗಳನ್ನು ತೆರೆದು, ಪ್ರಶ್ನೋತ್ತರದ ವೇಳೆ ವಿಲ್ಸನ್ ಆಡಿದ ಮಾತುಗಳನ್ನು ಪರೀಕ್ಷಿಸಿದರು. ಅಧಿಕಾರದ ಕೊನೆಯ ತಿಂಗಳುಗಳಲ್ಲಿ ಅವರ ಪದಪ್ರಯೋಗ ಬದಲಾಗಿತ್ತೆಂಬುದು ಗ್ಯಾರಾರ್ಡರ ಅಭಿಪ್ರಾಯ.

ಕನ್ನಡ ಪಾಠ ಹೇಳುವ ನನ್ನನ್ನು ಈ ವಿಷಯಕ್ಕೆ ಎಳೆದದ್ದು ರಾಜಕೀಯವಲ್ಲ, ವ್ಯಾಕರಣ. ನೆನಪು ಮಾಸುವಾಗ ನಾಮಪದಗಳು ಬೇಗ ಜಾರುತ್ತವೆ. ಅವುಗಳ ಜಾಗದಲ್ಲಿ ಸರ್ವನಾಮ ಬಂದು ಕೂರುತ್ತದೆ. ‘ಬೀರುವಿನ ಬೀಗದಕೈ ಎಲ್ಲಿಟ್ಟೆ?’ ಎನ್ನಬೇಕಾದವರು ‘ಅದು, ಅದರದ್ದು, ಅದೆಲ್ಲಿಟ್ಟೆ?’ ಎನ್ನುತ್ತಾರೆ. ದಣಿದವರೂ ಹೀಗೆ ಆಡುವುದುಂಟು. ವರ್ಷದಿಂದ ವರ್ಷಕ್ಕೆ ಇದು ಹೆಚ್ಚುತ್ತಾ ಹೋಯಿತೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆ ಬಲವಾಗಿ ಎದ್ದದ್ದು ಅಮೆರಿಕದ ರೊನಾಲ್ಡ್ ರೇಗನ್ ಅವರ ವಿಷಯದಲ್ಲಿ. 1981ರಲ್ಲಿ ಅಧ್ಯಕ್ಷ ಪದವಿಗೆ ಬಂದಾಗ ಅವರಿಗೆ 69. ಚಿತ್ರನಟರಾಗಿದ್ದವರು, ಬರೆದುಕೊಟ್ಟ ಮಾತನ್ನು ಅವರಷ್ಟು ಸೊಗಸಾಗಿ ಒಪ್ಪಿಸುವವರು ವಿರಳ. ಅಂಥವರು 1984ರ ಅಕ್ಟೋಬರ್ 7ರಂದು ಲೂಯಿವಿಲ್ ನಗರದಲ್ಲಿ, ಪ್ರತಿಸ್ಪರ್ಧಿ ವಾಲ್ಟರ್ ಮಾಂಡೇಲ್ ಅವರೊಡನೆ ನಡೆದ ಚರ್ಚೆಯಲ್ಲಿ ತಡವರಿಸಿದರು. ವಯಸ್ಸಿನ ಮಾತು ಪತ್ರಿಕೆಗಳಿಗೇರಿತು. ಎರಡು ವಾರದ ಮೇಲೆ ಕಾನ್ಸಾಸ್ ಸಿಟಿಯಲ್ಲಿ ಅದೇ ಪ್ರಶ್ನೆ ಎದುರಾದಾಗ, ಎದುರಾಳಿಯ ಎಳೆಹರೆಯವನ್ನೂ ಅನನುಭವವನ್ನೂ ತಾವು ರಾಜಕೀಯಕ್ಕೆ ಬಳಸಿಕೊಳ್ಳುವುದಿಲ್ಲವೆಂದುಬಿಟ್ಟರು. ಆ ಎಳೆಯರಿಗೆ ಆಗ 56! ಮಾಂಡೇಲರೇ ನಕ್ಕರು. 50 ರಾಜ್ಯಗಳಲ್ಲಿ 49 ರೇಗನ್ನರ ಪಾಲಾದವು. ಸಂದೇಹ ನಗೆಯಲ್ಲಿ ಮುಳುಗಿಹೋಯಿತು.

2015ರಲ್ಲಿ ಅರಿಜೋನಾ ರಾಜ್ಯ ವಿಶ್ವವಿದ್ಯಾನಿಲಯದ ವಿಸಾರ್ ಬೆರಿಷಾ, ಜೂಲಿ ಲಿಸ್ ಮತ್ತು ಅವರ ಸಂಗಡಿಗರು ರೇಗನ್ನರ ಪತ್ರಿಕಾಗೋಷ್ಠಿಗಳನ್ನು ಕೈಗೆತ್ತಿಕೊಂಡರು. ಬರೆದು ಓದಿದ ಭಾಷಣಗಳನ್ನು ಬದಿಗಿಟ್ಟದ್ದು ಸರಿಯೇ. ಅಲ್ಲಿ ಕೇಳುವುದು ಬರೆದುಕೊಟ್ಟವರ ಬುದ್ಧಿ. ಥಟ್ಟನೆ ಕೊಟ್ಟ ಉತ್ತರಗಳಲ್ಲಿ ಮಾತ್ರ ವರ್ಷ ಕಳೆದಂತೆ ಬೇರೆ ಬೇರೆ ಪದಗಳ ಸಂಖ್ಯೆ ತಗ್ಗಿತ್ತು. ‘ವಸ್ತು’, ‘ವಿಷಯ’ದಂಥ ಬರಿಗೈ ನಾಮಪದಗಳೂ, ಮಾತಿನ ನಡುವೆ ಸಂದು ತುಂಬುವ ಸದ್ದುಗಳೂ ಏರಿದ್ದವು. ಅವರ ನಂತರ ಬಂದ ಹಿರಿಯ ಜಾರ್ಜ್ ಬುಷ್ ಅವರಲ್ಲಿ ಈ ಬದಲಾವಣೆ ಕಾಣಲಿಲ್ಲ.

ಹಾಗಾದರೆ ರೇಗನ್ ಅಧಿಕಾರದಲ್ಲಿದ್ದಾಗಲೇ ರೋಗಿಯೆ? ಸಂಶೋಧಕರು ಹಾಗೆನ್ನಲಿಲ್ಲ, ಅವರ ವೈದ್ಯರಂತೂ ಅಲ್ಲವೆಂದೇ ಹೇಳುತ್ತ ಬಂದರು. 1981ರ ಗುಂಡೇಟು, 1985ರ ಕರುಳಿನ ಶಸ್ತ್ರಚಿಕಿತ್ಸೆ, ಮಂದವಾದ ಕಿವಿ, ಇವುಗಳೂ ಲೆಕ್ಕಕ್ಕೆ ಬರಬೇಕು. ಎಂಟು ವರ್ಷಗಳ ಮಾತನ್ನು ಅಳೆಯಲು ಇಷ್ಟು ಎಚ್ಚರಿಕೆ ಬೇಕಾದರೆ ಒಂದು ಸಂಜೆಯ ಮಾತಿನಿಂದ ತೀರ್ಪು ಕೊಡುವುದು ನನಗೆ ಒಪ್ಪಿಗೆಯಾಗದು. 2024ರ ಜೂನ್ 27ರಂದು ಜೋ ಬೈಡನ್ ಚರ್ಚೆಯಲ್ಲಿ ತೊದಲಿದಾಗ ಟೆಲಿವಿಷನ್ ನೋಡುತ್ತಿದ್ದವರೆಲ್ಲ ವೈದ್ಯರಾದರು. ತಿಂಗಳೊಳಗೆ ಅವರು ಕಣದಿಂದ ಹಿಂದೆ ಸರಿದರು. ಆಳುವವರು ಸಮರ್ಥರೇ ಎಂದು ಕೇಳುವ ಹಕ್ಕು ಮತದಾರರದು. ರೋಗಕ್ಕೆ ಹೆಸರಿಡುವ ಹಕ್ಕು ಅದರೊಡನೆ ಬರುವುದಿಲ್ಲ.

ರೇಗನ್ನರ ರೋಗಕ್ಕೆ ವೈದ್ಯರು ಹೆಸರಿಟ್ಟದ್ದು 1994ರಲ್ಲಿ. ಆ ವರ್ಷ ನವೆಂಬರ್ 5ರಂದು, ತಮ್ಮ 83ನೆಯ ವಯಸ್ಸಿನಲ್ಲಿ, ಅವರು ಜನತೆಗೆ ಸ್ವಹಸ್ತದಿಂದ ಒಂದು ಕಾಗದ ಬರೆದು ಅದನ್ನು ತಿಳಿಸಿದರು. ತಮಗಿಂತ ಪತ್ನಿ ನ್ಯಾನ್ಸಿಗೆ ಒದಗಲಿರುವ ಕಷ್ಟವನ್ನು ನೆನೆದು ನೊಂದ ಕಾಗದ ಅದು. ಮೊದಲಿನಿಂದ ಕೊನೆಯವರೆಗೆ ತಿಳಿಯಾದ, ಎಲ್ಲೂ ಎಳೆ ತಪ್ಪದ ವಾಕ್ಯಗಳು. ಸಂಶೋಧಕರ ಎಣಿಕೆ ಪತ್ರಿಕಾಗೋಷ್ಠಿಗಳದ್ದಾದ್ದರಿಂದ ಈ ಕಾಗದ ಅದರಲ್ಲಿ ಸೇರಿಲ್ಲ.