ಬರಗಾಲವೂ ನಮ್ಮ ಸೀಮೆಯ ಜನರ ಧೃತಿಯೂ

ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸಂಗಮಿಸಿ ತುಂಗಭದ್ರೆಯೆಂಬ ಹೆಸರನ್ನು ತಳೆದು ಹೊನ್ನಾಳಿಯ ಪಟ್ಟಣವನ್ನು ಸೋಕಿಕೊಂಡು ಹರಿದುಹೋಗುವುವು. ಅಲ್ಲಿಯ ತಗ್ಗಿನ ಕೇರಿಗಳ ಜನರಿಗೆ ಆಷಾಢ ಶ್ರಾವಣಗಳಲ್ಲಿ ನೆರೆಯ ಭಯವುಂಟು. ಅದೇ ನದಿಯಿಂದ ಮೂಡಲಿಗೆ ಎರಡು ಮೂರು ದಿನಗಳ ಬಂಡಿಯ ಹಾದಿಯಲ್ಲಿರುವ ಜಗಳೂರಿನ ಸೀಮೆಯವರಾದರೋ ಕುಡಿಯುವ ನೀರಿಗಾಗಿ ಬಾಯಿಬಿಡುತ್ತ ಬಂದವರು. ಒಂದೇ ಮಳೆಗಾಲವು ಒಬ್ಬರ ಮನೆಯೊಳಕ್ಕೆ ನೀರನ್ನು ನುಗ್ಗಿಸಿ, ಮತ್ತೊಬ್ಬರ ಹೊಲವನ್ನು ಹನಿಯೂ ಕಾಣದಂತೆ ಒಣಗಿಸಿದ ವರ್ಷಗಳು ಕೆಲವಲ್ಲ. ಮೊದಲು ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ೧೯೯೭ನೆಯ ಇಸವಿಯಲ್ಲಿ ಇವೆಲ್ಲವೂ ದಾವಣಗೆರೆ ಜಿಲ್ಲೆಗೆ ಸೇರಿದುವು. ನ್ಯಾಮತಿಯು ಈಚೆಗೆ ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. ಗಡಿಗಳು ಬದಲಾದರೂ ಆಕಾಶವನ್ನು ನೋಡಿಕೊಂಡು ಕೂರುವ ರೈತನ ಸ್ಥಿತಿಯು ಬದಲಾಗಲಿಲ್ಲ.

ಬರಗಾಲಕ್ಕೆ ಮುಂಚಿತವಾಗಿ ಸಿದ್ಧರಾಗುವ ವಿಚಾರದಲ್ಲಿ ನಮ್ಮ ಪೂರ್ವಿಕರು ಮೊದಲು ಕೈಹಾಕಿದ್ದು ಕೆರೆಗೆ. ಚನ್ನಗಿರಿಯ ಸೂಳೆಕೆರೆಯು ಇದಕ್ಕೆ ದೊಡ್ಡ ಸಾಕ್ಷಿಯು. ಎರಡು ಗುಡ್ಡಗಳ ನಡುವಣ ಕಣಿವೆಯನ್ನು ಮುಚ್ಚಿ ಕಟ್ಟಿದ ಅದರ ಏರಿಯು ಉದ್ದದಲ್ಲಿ ಹೆಚ್ಚಿನದಲ್ಲ; ಆದರೆ ಅದರ ಅಗಲವೂ ಎತ್ತರವೂ ನೋಡಿದವರನ್ನು ಬೆರಗುಗೊಳಿಸತಕ್ಕವು. ಶಾಂತವ್ವೆಯೆಂಬ ರಾಜಪುತ್ರಿಯು ಕೆರೆಯನ್ನು ಕಟ್ಟಿಸಲು ಹೊರಟಾಗ, ಆ ನೆಲದ ಒಡೆತನವಿದ್ದ ವೇಶ್ಯಾಸ್ತ್ರೀಯರು ತಮ್ಮ ಹೆಸರನ್ನೇ ಕೆರೆಗೆ ಇಡುವುದಾದರೆ ಮಾತ್ರ ಬಿಟ್ಟುಕೊಡುವೆವೆಂದರೆಂದು ಐತಿಹ್ಯವುಂಟು. ಶಾಂತಿಸಾಗರವೆಂಬ ಹೆಸರು ಕಾಗದಪತ್ರಗಳಲ್ಲಿ ಎಷ್ಟೇ ಬರೆಯಲ್ಪಟ್ಟರೂ ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿರುವುದು. ಹಾಗೆ ನಿಂತುದೇ ನ್ಯಾಯವು. ಅದರ ಎರಡು ತೂಬುಗಳಿಗೆ ಸಿದ್ಧನ ತೂಬು, ಬಸವನ ತೂಬು ಎಂದು ಹೆಸರು. ಈ ಕೆರೆಯಿಂದ ಹೊರಟ ಹರಿದ್ರಾ ಹಳ್ಳವು ಹರಿಹರದ ಬಳಿ ತುಂಗಭದ್ರೆಯನ್ನು ಸೇರುವುದು. ಶರಣ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿ ಅದನ್ನೇ ಶಿವಪೂಜೆಯೆಂದು ಬಗೆದ ಧರ್ಮದವರಿಗೆ ಇಂತಹ ಹೆಸರುಗಳು ಆಕಸ್ಮಿಕವೆನಿಸಲಾರವು.

ಜಗಳೂರಿನ ಕಡೆಗೆ ಇಂತಹ ಕೆರೆಯ ಆಸರೆಯಿಲ್ಲ. ಅಲ್ಲಿಯ ಒಕ್ಕಲಿಗನ ರಕ್ಷಣೆಯು ಹಗೇವಿನಲ್ಲಿತ್ತು. ಮೊರಡಿಯ ಗಟ್ಟಿನೆಲದಲ್ಲಿ ಬಾವಿಯಂತೆ ತೋಡಿ, ಬಾಯಿಯನ್ನು ಕಿರಿದಾಗಿಯೂ ಒಡಲನ್ನು ಅಗಲವಾಗಿಯೂ ಮಾಡಿ, ಒಳಗೆ ಹುಲ್ಲನ್ನು ಹಾಸಿ, ಒಣಗಿದ ಜೋಳವನ್ನೋ ರಾಗಿಯನ್ನೋ ತುಂಬಿ, ಮೇಲೆ ಚಪ್ಪಡಿಯನ್ನಿಟ್ಟು ಮಣ್ಣಿನಿಂದ ಮೆತ್ತುತ್ತಿದ್ದರು. ಗಾಳಿಯೂ ತೇವವೂ ಹೋಗದಂತೆ ಮುಚ್ಚಿದ ರಾಗಿಯು ಅನೇಕ ವರ್ಷಗಳ ಕಾಲ ಹುಳು ಹಿಡಿಯದೆ ಉಳಿಯುವುದು. ಹಗೇವನ್ನು ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಕಾಳು ತಾನೇ ಉಸಿರಾಡಿ ಒಳಗಿನ ಗಾಳಿಯನ್ನು ಕೆಡಿಸಿರುವುದು. ಅವಸರದಿಂದ ಇಳಿದವರು ಪ್ರಾಣ ಕಳೆದುಕೊಂಡುದುಂಟು. ಆದುದರಿಂದ ಬಾಯಿಯನ್ನು ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪವನ್ನು ಕಟ್ಟಿ ಇಳಿಬಿಡುವರು; ದೀಪವು ನಂದಿದರೆ ಕಾಯುವರು, ಉರಿದರೆ ಇಳಿಯುವರು. ಮಠದ ಜಂಗಮಮೂರ್ತಿಗಳು ಸುಗ್ಗಿಯಲ್ಲಿ ಕಣಗಳಿಗೆ ಬಿಜಯಂಗೈದು ಭಕ್ತರಿಂದ ಸ್ವೀಕರಿಸಿದ ಕಾಳು ಇಂತಹ ಹಗೇವುಗಳನ್ನೂ ಕಣಜಗಳನ್ನೂ ಸೇರಿ, ಅಕಾಲದಲ್ಲಿ ದಾಸೋಹದ ರೂಪವಾಗಿ ಕೊಟ್ಟವರ ಮನೆಗೇ ಹಿಂದಿರುಗುತ್ತಿತ್ತು. ಭಿಕ್ಷೆಯೆಂಬ ಶಬ್ದವನ್ನು ಕೇಳಿ ನಗುವ ಆಧುನಿಕರು ಈ ಲೆಕ್ಕವನ್ನು ಗಮನಿಸತಕ್ಕದ್ದು.

ಇಷ್ಟೆಲ್ಲ ಏರ್ಪಾಡುಗಳೂ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದ ಮುಂದೆ ಸಾಲದೆ ಹೋದುವು. ೧೮೭೫ರಲ್ಲಿಯೇ ಮಳೆಯು ಕಡಮೆಯಾಗಿತ್ತು. ೧೮೭೬ರಲ್ಲಿ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ಒಂದು ವರ್ಷದ ಬರಕ್ಕೆ ಒಂದು ಹಗೇವು ಸಾಕು; ಮೇಲಿಂದ ಮೇಲೆ ಬಂದ ಬರಕ್ಕೆ ಊರಿನ ಹಗೇವುಗಳೆಲ್ಲವೂ ಬರಿದಾದುವು. ಮಲೆನಾಡಿನ ಅಡಕೆಗೂ ಬಯಲುಸೀಮೆಯ ಧಾನ್ಯಕ್ಕೂ ವಿನಿಮಯದ ಪೇಟೆಯಾಗಿ, ಬಹುಮಟ್ಟಿಗೆ ಲಿಂಗವಂತ ವರ್ತಕರಿಂದ ಬೆಳೆದ ನ್ಯಾಮತಿಯಂತಹ ಊರಿಗೂ ಬಯಲಿನ ಕಾಳು ಬಾರದಿದ್ದಮೇಲೆ ವ್ಯಾಪಾರವೆಲ್ಲಿಯದು? ಮೈಸೂರು ಸಂಸ್ಥಾನದಲ್ಲಿ ೧೮೭೧ರ ಜನಗಣತಿಯಂತೆ ೫೦,೫೫,೪೧೨ ಮಂದಿ ಇದ್ದರು. ೧೮೮೧ರ ಗಣತಿಯಲ್ಲಿ ೪೧,೮೬,೧೮೮ ಮಂದಿ ಮಾತ್ರ ಕಂಡುಬಂದರು. ಹತ್ತು ವರ್ಷಗಳಲ್ಲಿ ಆಗಬೇಕಾಗಿದ್ದ ವೃದ್ಧಿಯನ್ನು ಬಿಟ್ಟು, ಇದ್ದವರಲ್ಲಿಯೇ ಎಂಟೂವರೆ ಲಕ್ಷಕ್ಕೂ ಮೇಲ್ಪಟ್ಟು ಕಡಮೆಯಾದರೆಂದ ಮೇಲೆ ಹೆಚ್ಚು ವರ್ಣನೆ ಬೇಕಿಲ್ಲ.

ಆ ಕಾಲದಲ್ಲಿ ಸಂಸ್ಥಾನವು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಸರ್ಕಾರದವರು ಮೊದಲು ಗಂಜಿಯ ಮನೆಗಳನ್ನು ತೆರೆದರು. ೧೮೭೭ರಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ನನು ದಕ್ಷಿಣಕ್ಕೆ ಬಂದುಹೋದ ತರುವಾಯ ಎಲಿಯಟ್ ಎಂಬ ಅಧಿಕಾರಿಯು ಕ್ಷಾಮದ ಕಮಿಷನರಾಗಿ ನೇಮಿಸಲ್ಪಟ್ಟು, ಶಕ್ತಿಯುಳ್ಳವರಿಗೆ ಕೆಲಸವನ್ನೂ ಅಶಕ್ತರಿಗೆ ಅನ್ನವನ್ನೂ ಕೊಡುವ ಕ್ರಮವನ್ನು ಬಿಗಿಗೊಳಿಸಿದನು. ಬೆಂಗಳೂರು-ಮೈಸೂರು ರೈಲುಹಾದಿಯ ಮಣ್ಣಿನ ಕೆಲಸವು ಹೀಗೆ ಕ್ಷಾಮಪೀಡಿತರ ಕೈಯಿಂದಲೇ ಆದುದು. ಮುಂದೆ ಕ್ಷಾಮದ ಆಯೋಗವೂ, ಕ್ಷಾಮ ನಿಬಂಧನೆಗಳೂ ಇದೇ ಅನುಭವದಿಂದ ಹುಟ್ಟಿದುವು. ಸತ್ತವರು ಕಲಿಸಿದ ಪಾಠವನ್ನು ಬದುಕಿದವರು ಬರೆದುಕೊಂಡರು, ತಡವಾಯಿತೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಕಾಗದಗಳಲ್ಲಿ ಎದ್ದು ಕಾಣದ ಇನ್ನೊಂದು ಸಂಗತಿಯುಂಟು. ನಿನ್ನೆಯವರೆಗೆ ನಾಲ್ಕು ಎತ್ತು ಕಟ್ಟಿ, ಬಂದ ಅತಿಥಿಗೆ ರೊಟ್ಟಿಯನ್ನಿಕ್ಕಿದ ಗೃಹಸ್ಥನಿಗೆ ಗಂಜಿಯ ಮನೆಯ ಮುಂದೆ ಬೋಗುಣಿ ಹಿಡಿದು ನಿಲ್ಲುವುದು ಮರಣಕ್ಕಿಂತಲೂ ಹೀನವೆಂದು ತೋರಿತು. ಬೇರೆಯವರ ಕೈಯ ಅನ್ನವನ್ನು ಉಣ್ಣಲೊಲ್ಲೆನೆಂಬ ಸಂಕೋಚವೂ ಇದಕ್ಕೆ ಕೂಡಿಕೊಂಡಿತು. ಹೀಗೆ ಕಾಲುಗಳಲ್ಲಿ ಬಲವಿದ್ದಾಗ ಹೋಗದೆ, ಬಲವುಡುಗಿದ ಮೇಲೆ ಹೊರಟು ಹಾದಿಯಲ್ಲಿ ಬಿದ್ದವರು ಬಹು ಮಂದಿ. ದಾಸೋಹದ ಪಂಕ್ತಿಯಲ್ಲಿ ಈ ಲಜ್ಜೆಗೆ ಎಡೆಯಿಲ್ಲ. ಅಲ್ಲಿ ಉಣ್ಣುವುದು ಪ್ರಸಾದವು. ನೀಡುವವನೂ ಉಣ್ಣುವವನೂ ಒಂದೇ ಪಂಕ್ತಿಯವರು. ಯಾರ ಮನೆ ಬರಿದಾಗಿದೆಯೆಂದು ಕೇಳುವವರಿಲ್ಲ. ಬಸವಾದಿ ಶರಣರು ದಾನವೆಂಬ ಮಾತನ್ನು ಬಿಟ್ಟು ದಾಸೋಹವೆಂದು ಕರೆದುದರ ಮರ್ಮವನ್ನು ಪಂಡಿತರು ತತ್ತ್ವದಿಂದ ವಿವರಿಸುವರು. ಬರಗಾಲದಲ್ಲಿ ಹಸಿದ ಮಾನಿಷ್ಠನೊಬ್ಬನು ಅದನ್ನು ವಿವರಣೆಯಿಲ್ಲದೆ ತಿಳಿದುಕೊಳ್ಳುವನು.

ಮನಸ್ಸನ್ನು ಕುಸಿಯದಂತೆ ಹಿಡಿಯಲು ಹಳ್ಳಿಗಳು ತಮ್ಮವೇ ಆದ ಉಪಾಯಗಳನ್ನು ಇಟ್ಟುಕೊಂಡಿದ್ದುವು. ಮಳೆ ಹೋದಾಗ ಹುಡುಗನ ತಲೆಯ ಮೇಲೆ ರೊಟ್ಟಿಯ ಹೆಂಚಿನಲ್ಲಿ ಸಗಣಿಯ ಗುರ್ಜಿಯನ್ನು ಹೊರಿಸಿ ಮನೆಮನೆಗೆ ಕರೆದೊಯ್ಯುವರು. ಹೆಂಗಸರು ಅವನ ಮೇಲೆ ಕೊಡದಿಂದ ನೀರು ಸುರಿದು ಮರದಲ್ಲಿ ಹಿಟ್ಟನ್ನು ನೀಡುವರು. ಏಳು ಹಗಲು ಏಳು ರಾತ್ರಿ ಎಡೆಬಿಡದೆ ಸಪ್ತಭಜನೆ ನಡೆಯುವುದು. ಇಡೀ ಊರು ಬಾಗಿಲಿಗೆ ಮುಳ್ಳನ್ನಿಟ್ಟು ದನಕರುಗಳೊಡನೆ ಹೊರಬೀಡು ಹೋಗಿ, ಹೊಲದಲ್ಲಿಯೇ ಅಡಿಗೆ ಮಾಡಿ ಉಂಡು ಸಂಜೆಗೆ ಹಿಂದಿರುಗುವುದು. ಇವುಗಳಿಂದ ಮಳೆ ಬರುವುದೋ ಇಲ್ಲವೋ ಎಂಬ ವಾದಕ್ಕೆ ಇಲ್ಲಿ ಅವಕಾಶವಿಲ್ಲ; ಬಸವಣ್ಣನವರ ಅನುಯಾಯಿಗಳಲ್ಲಿ ಕೆಲವರಿಗೆ ಇವು ಒಪ್ಪಿಗೆಯೂ ಅಲ್ಲ. ಆದರೆ ಭಜನೆಗೆ ಪಾಳಿ ಹಾಕಿಕೊಂಡ ಊರಿನಲ್ಲಿ ಯಾವ ಮನೆಯವನು ಬರಲಿಲ್ಲವೆಂಬುದು ತಿಳಿಯುತ್ತಿತ್ತು. ಬಾರದವನ ಮನೆಗೆ ಯಾರಾದರೂ ಹೋಗಿ ಬಾಗಿಲು ತಟ್ಟುತ್ತಿದ್ದರು. ಒಬ್ಬನೇ ಕುಳಿತು ಸಾಲದ ಲೆಕ್ಕವನ್ನು ಎಣಿಸುವ ರಾತ್ರಿಗಳು ಆಗ ಕಡಮೆಯಾಗಿದ್ದುವು.

ಈಚಿನ ಕಾಲದ ಆಪತ್ತುಗಳು ಬೇರೆ ರೂಪದವು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ೧೯೬೦ರ ದಶಕದಲ್ಲಿ ಪೂರ್ಣವಾದಮೇಲೆ ಚನ್ನಗಿರಿ ಹೊನ್ನಾಳಿಗಳ ನಾಲೆಯ ಕೆಳಗಣ ಗ್ರಾಮಗಳು ಭತ್ತವನ್ನು ಕಂಡುವು. ನಾಲೆ ತಲಪದ ಕಡೆಯಲ್ಲಿ ಕೊಳವೆಬಾವಿಗಳನ್ನು ನಂಬಿ ಅಡಕೆಯ ತೋಟಗಳು ಎದ್ದುವು. ರಾಗಿಯ ಹೊಲವು ಒಣಗಿದರೆ ಒಂದು ವರ್ಷದ ನಷ್ಟ. ಅಡಕೆಯ ಮರ ಒಣಗಿದರೆ ಹತ್ತು ವರ್ಷಗಳ ದುಡಿಮೆಯೇ ಹೋಗುವುದು. ಬೇಸಗೆಯ ಬಿರುಗಾಳಿಗೆ ಅದರ ಸಪೂರವಾದ ಕಾಂಡವು ಸಾಲುಸಾಲಾಗಿ ಮುರಿದು ಬೀಳುವುದೂ ಉಂಟು. ೨೦೨೩ರಲ್ಲಿ ಮುಂಗಾರು ಸೋತು, ಸರ್ಕಾರವು ಸೆಪ್ಟೆಂಬರಿನಲ್ಲಿ ೧೯೫ ತಾಲ್ಲೂಕುಗಳನ್ನೂ, ಬಳಿಕ ಸೇರಿಸುತ್ತ ಒಟ್ಟು ೨೨೩ ತಾಲ್ಲೂಕುಗಳನ್ನೂ ಬರಪೀಡಿತವೆಂದು ಸಾರಿತು. ಮರುವರ್ಷದ ಬೇಸಗೆಯಲ್ಲಿ ಚನ್ನಗಿರಿಯ ತೋಟಗಾರರು ಟ್ಯಾಂಕರುಗಳಲ್ಲಿ ನೀರನ್ನು ಕೊಂಡುತಂದು ಮರಗಳ ಬುಡಕ್ಕೆ ಎರೆದರು. ಕೊಂಡ ನೀರಿನ ಸಾಲವು ಹಗೇವಿನಲ್ಲಿಟ್ಟ ರಾಗಿಯಂತಲ್ಲ, ಇಟ್ಟಷ್ಟೂ ಬೆಳೆಯುವುದು.

ಜಗಳೂರಿನ ಕಡೆಗೂ ನೀರನ್ನು ತರಬೇಕೆಂಬ ಪ್ರಯತ್ನದಲ್ಲಿ ಮಠಗಳ ಪಾತ್ರವು ಉಲ್ಲೇಖಾರ್ಹವು. ೨೦೧೮ರಲ್ಲಿ ಜಗಳೂರಿನಲ್ಲಿ ನಡೆದ ತರಳಬಾಳು ಹುಣ್ಣಿಮೆಯ ಮಹೋತ್ಸವದ ಸಂದರ್ಭದಲ್ಲಿ ಸಿರಿಗೆರೆಯ ಶ್ರೀ ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಈ ಸೀಮೆಯ ಕೆರೆಗಳನ್ನು ತುಂಬಿಸುವ ವಿಷಯವನ್ನು ಸರ್ಕಾರದ ಮುಂದಿಟ್ಟರು. ಹರಿಹರದ ಹತ್ತಿರ ದೀಟೂರಿನಲ್ಲಿ ತುಂಗಭದ್ರೆಯ ನೀರನ್ನು ಎತ್ತಿ ೫೭ ಕೆರೆಗಳಿಗೆ ಹರಿಸುವ ಯೋಜನೆಯು ಹೀಗೆ ರೂಪುಗೊಂಡಿತು. ನೆರೆಯ ಭರಮಸಾಗರದ ದೊಡ್ಡ ಕೆರೆಗೆ ಇಂತಹುದೇ ಯೋಜನೆಯಿಂದ ೨೦೨೧ರಲ್ಲಿ ನದಿಯ ನೀರು ಬಂದು ಬಿದ್ದಾಗ ಸುತ್ತಣ ಹಳ್ಳಿಗಳವರು ಏರಿಯ ಮೇಲೆ ಬಂದು ನಿಂತರು. ಹೊನ್ನಾಳಿಯಲ್ಲಿ ಮನೆಗಳಿಗೆ ನುಗ್ಗಿ ಅಂಜಿಸುವ ಆ ನೀರೇ ಇತ್ತ ಕಡೆ ಕೊಳವೆಗಳಲ್ಲಿ ಮೇಲೇರಿ ಬಂದು, ವರ್ಷಗಟ್ಟಲೆ ಬಿರುಕುಬಿಟ್ಟಿದ್ದ ಕೆರೆಯಂಗಳಗಳನ್ನು ತೋಯಿಸತೊಡಗಿತು.