ಜಕರೀಯನ ಪ್ರಶ್ನೆಯೂ ಮರಿಯಳ ಪ್ರಶ್ನೆಯೂ

ನಾಲ್ಕು ಸುವಾರ್ತೆಗಳಲ್ಲಿ ಯೇಸುವಿನ ಜನನವೃತ್ತಾಂತವಿರುವುದು ಮತ್ತಾಯ, ಲೂಕ ಇವರಿಬ್ಬರ ಗ್ರಂಥಗಳಲ್ಲಿ ಮಾತ್ರ. ಅವರಲ್ಲಿಯೂ ಮತ್ತಾಯನು ದೇವದೂತನನ್ನು ಯೋಸೇಫನ ಸ್ವಪ್ನದಲ್ಲಿ ತೋರಿಸಿ, ಪ್ರವಾದಿ ಯೆಶಾಯನ ವಚನವೊಂದನ್ನು ಸಾಕ್ಷ್ಯಕ್ಕೆ ನಿಲ್ಲಿಸಿ, ಪ್ರಸಂಗವನ್ನು ಬೇಗನೆ ಮುಗಿಸುತ್ತಾನೆ. ಲೂಕನಾದರೋ ಸ್ನಾನಿಕ ಯೋಹಾನನದೂ ಯೇಸುವಿನದೂ ಆದ ಎರಡು ಜನನವಾರ್ತೆಗಳನ್ನು, ಓದುಗನು ಒಂದನ್ನೊಂದರೊಡನೆ ತೂಗಿ ನೋಡಲೆಂದೇ ಎಂಬಂತೆ, ಬೆನ್ನಿಗೆ ಬೆನ್ನಾಗಿ ಇರಿಸಿದ್ದಾನೆ.

ಕಥನದ ಅಚ್ಚು ಅವನದಲ್ಲ. ಮರುಭೂಮಿಯ ಒರತೆಯ ಬಳಿ ಹಾಗರಳು ಕೇಳಿದ ವಾಣಿ, ಮಮ್ರೆಯ ತೋಪಿನಲ್ಲಿ ಅತಿಥಿಗಳ ಮಾತಿಗೆ ಗುಡಾರದೊಳಗೆ ನಕ್ಕ ಸಾರಳು, ಸಂಸೋನನ ಜನನವನ್ನು ಬಂಜೆಯೊಬ್ಬಳಿಗೆ ಸಾರಿದ ದೂತ, ಇವೆಲ್ಲ ಹೀಬ್ರೂ ಗ್ರಂಥಗಳಲ್ಲಿ ಆಗಲೇ ಇದ್ದುವು. (ದೂತನು ಎರಡು ಸಲವೂ ಬಂದುದು ಆ ಹೆಂಗಸಿನ ಬಳಿಗೇ ಆದರೂ, ಗ್ರಂಥವು ಹೆಸರಿಸುವುದು ಅವಳ ಗಂಡ ಮಾನೋಹನನ್ನು!) ದರ್ಶನ, ಭಯ, ಸಂದೇಶ, ಆಕ್ಷೇಪ, ಕುರುಹು ಎಂಬ ಕ್ರಮವನ್ನು ರೇಮಂಡ್ ಬ್ರೌನ್ ಎಂಬ ವಿದ್ವಾಂಸರು 1977ರಲ್ಲಿ ಪ್ರಕಟವಾದ ತಮ್ಮ ಬೃಹದ್ಗ್ರಂಥದಲ್ಲಿ ವಿಶದಪಡಿಸಿರುವರು.

ಲೂಕನ ಪ್ರತಿಭೆ ಬೆಳಗುವುದು ಆಕ್ಷೇಪದ ಸ್ಥಾನದಲ್ಲಿ. ಯೆರೂಸಲೇಮಿನ ದೇವಾಲಯದಲ್ಲಿ, ಚೀಟಿಯಿಂದ ತನ್ನ ಪಾಲಿಗೆ ಬಂದ ಧೂಪಾರತಿಯ ಸೇವೆಯಲ್ಲಿದ್ದ ವೃದ್ಧಯಾಜಕ ಜಕರೀಯನು, ಧೂಪವೇದಿಯ ಬಲಗಡೆಯಲ್ಲಿ ನಿಂತು ಮಗನ ಜನನವನ್ನು ಸಾರಿದ ದೇವದೂತ ಗಬ್ರಿಯೇಲನನ್ನು, ಇದನ್ನು ತಾನು ಅರಿಯುವುದೆಂತು ಎಂದು ಕೇಳಿ ಮೂಕನಾಗುತ್ತಾನೆ. ಅವನ ಹೆಂಡತಿ ಎಲಿಸಬೇತಳು ಬಸುರಾದ ಆರನೆಯ ತಿಂಗಳಲ್ಲಿ ಗಲಿಲಾಯದ ನಜರೇತಿನ ಕನ್ಯೆ ಮರಿಯಳು, ಇದು ಆಗುವುದೆಂತು ಎಂದು ಕೇಳಿ ಉತ್ತರವನ್ನೇ ಪಡೆಯುತ್ತಾಳೆ. ಒಬ್ಬನದು ಅವಿಶ್ವಾಸ, ಇನ್ನೊಬ್ಬಳದು ಜಿಜ್ಞಾಸೆ ಎಂಬ ಸಂಪ್ರದಾಯದ ಸಮಾಧಾನ ನನಗೆ ಸಾಲದು. ಏಕೆಂದರೆ ಜಕರೀಯನು ಕೇಳಿದಂತೆಯೇ ಹಿಂದೆ ಅಬ್ರಹಾಮನೂ ಕೇಳಿದ್ದನು, ಅವನಿಗೆ ದಂಡನೆಯಾಗಲಿಲ್ಲ. ಹೊರಗೆ ಕಾದಿದ್ದ ಜನಕ್ಕೆ ಬಾಯಿಬಿಟ್ಟು ಒಂದು ಮಾತನ್ನೂ ಆಡಲಾರದೆ ಯಾಜಕನು ಸನ್ನೆ ಮಾಡುತ್ತ ನಿಲ್ಲುವುದನ್ನೂ, ಹಳ್ಳಿಯ ಹುಡುಗಿ ಅವನದೇ ಮನೆಯಲ್ಲಿ, ಎಲಿಸಬೇತಳ ಮುಂದೆ, ಸ್ತುತಿಗೀತವನ್ನು ಹಾಡುವುದನ್ನೂ ಎದುರೆದುರಾಗಿ ಇಡುವುದೇ ಲೂಕನ ಉದ್ದೇಶವಾಗಿದ್ದಿರಬೇಕು.

ಎರಡನೆಯ ಶತಮಾನದ ‘ಯಾಕೋಬನ ಪೂರ್ವಸುವಾರ್ತೆ’ ಈ ಮಿತಭಾಷೆಯಿಂದ ತೃಪ್ತಿಗೊಳ್ಳಲಿಲ್ಲ. ಅಲ್ಲಿ ಮರಿಯಳು ನೀರಿಗೆಂದು ಹೊರಟಾಗ ಅಶರೀರವಾಣಿಯನ್ನು ಕೇಳಿ, ಎಡಬಲಗಳನ್ನು ನೋಡಿ, ನಡುಗುತ್ತ ಮನೆಗೆ ಬಂದು, ಕೊಡವನ್ನಿಳಿಸಿ, ದೇವಾಲಯದ ತೆರೆಗಾಗಿ ಕೆನ್ನೀಲಿ ನೂಲನ್ನು ನೂಲತೊಡಗುತ್ತಾಳೆ. ದೂತನು ಕಣ್ಣಿಗೆ ಕಾಣುವುದು ಆಮೇಲೆ. ಕ್ರೈಸ್ತಸಭೆಯು ಅಂಗೀಕರಿಸದ ಈ ಗ್ರಂಥವನ್ನು ಚಿತ್ರಕಾರರು ಅಂಗೀಕರಿಸಿದರು: ರೋಮಿನ ಸಾಂತಾ ಮರಿಯಾ ಮಜ್ಜೋರೆಯ ಐದನೆಯ ಶತಮಾನದ ಮೊಸಾಯಿಕ್ ಚಿತ್ರದಲ್ಲಿಯೂ ಮರಿಯಳು ನೂಲುತ್ತಿರುವಳು.

ಕುರಾನಿನ 3 ಮತ್ತು 19ನೆಯ ಅಧ್ಯಾಯಗಳಲ್ಲಿಯೂ ಈ ಎರಡು ವಾರ್ತೆಗಳು ಜೊತೆಯಾಗಿಯೇ ಬರುತ್ತವೆ. ಅಲ್ಲಿ ಜಕರೀಯನ ಮೌನವು ಶಿಕ್ಷೆಯಲ್ಲ, ಅವನೇ ಬೇಡಿ ಪಡೆದ ಕುರುಹು. ಅದರ ಅವಧಿಯೂ ಮಗು ಹುಟ್ಟುವವರೆಗಲ್ಲ, ಮೂರು ದಿನ ಮಾತ್ರ.